ವಿಮಾನ ಕಚ್ಚಿದ ಬೆರಳು

ಹೋದ ಬುಧವಾರ ಹೊಸಕೋಟೆ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ, ನಾನು ನಾನಲ್ಲವೆಂದು ಒಂದು ಯಂತ್ರ ಎರಡು ಸಲ ಹೇಳಿತು. ಹಳೆಯ ಸಿಮ್ ಕೆಟ್ಟುಹೋಗಿ ಹೊಸದಕ್ಕೆ ಹೋಗಿದ್ದೆ. ಕೌಂಟರಿನ ಹುಡುಗಿ ಬೆರಳಚ್ಚು ಹಿಡಿಯುವ ಪುಟ್ಟ ಕಪ್ಪು ಪೆಟ್ಟಿಗೆಯನ್ನು ಮುಂದೆ ತಳ್ಳಿದಳು. ಬಲಗೈಯ ತೋರುಬೆರಳಿಟ್ಟೆ. ಕೆಂಪು ದೀಪ. ಅಂಗಿಗೆ ಒರೆಸಿಕೊಂಡು ಮತ್ತೆ ಇಟ್ಟೆ. ಮತ್ತೆ ಕೆಂಪು. ಅವಳು ನನ್ನ ಬೆರಳನ್ನೇ ಹಿಡಿದು ತಿರುಗಿಸಿ ನೋಡಿದಳು.

"ಏನ್ ಅಂಕಲ್ ಇದು, ಅರ್ಧ ಬೆರಳಲ್ಲಿ ಗೆರೇನೇ ಇಲ್ಲ?"

"ವಿಮಾನ ಕಚ್ಚಿದ್ದಮ್ಮಾ."

"ವಿಮಾನಾನಾ! ಪೈಲಟ್ಟಾ ನೀವು?"

ಪೈಲಟ್ಟಲ್ಲ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮೇಷ್ಟ್ರು, ಇನ್ನೆರಡು ವರ್ಷಕ್ಕೆ ನಿವೃತ್ತಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಬೆರಳಿಗೊಂದು ಕಥೆಯಿದೆ. ಕೇಳುವವರು ಸಿಕ್ಕರೆ ನಾನು ಬಿಡುವವನಲ್ಲ. ನಾನೂ ನನ್ನ ಗೆಳೆಯ ನಜೀರನೂ ಕಾಲೇಜಿನಲ್ಲಿದ್ದಾಗ ಎಂಜಿನ್ ಕೂರಿಸಿದ ಪುಟ್ಟ ವಿಮಾನಗಳನ್ನು ಹಾರಿಸುತ್ತಿದ್ದೆವು. ವಿಮಾನದ ಒಂದು ರೆಕ್ಕೆಯ ತುದಿಯಿಂದ ಎರಡು ಸಣ್ಣ ಉಕ್ಕಿನ ತಂತಿಗಳು ಹೊರಟು ಐವತ್ತು ಅಡಿ ಆಚೆ ಒಂದು ಹಿಡಿಕೆಗೆ ಸೇರುತ್ತಿದ್ದವು. ನಜೀರ ಆ ಹಿಡಿಕೆ ಹಿಡಿದು ನಡುವೆ ನಿಲ್ಲುವುದು, ನಾನು ವಿಮಾನ ಹಿಡಿದು ಈಚೆ ನಿಂತು ಎಂಜಿನ್ ಶುರುವಾದ ಮೇಲೆ ಕೈಬಿಡುವುದು, ಅದು ಅವನ ಸುತ್ತ ಗಾಣದೆತ್ತಿನ ಹಾಗೆ ಸುತ್ತುವುದು. ಒಂದು ದಿನ ಪ್ರೊಪೆಲರ್ ನನ್ನ ಬೆರಳು ಕಚ್ಚಿತು. ಅದೇ ದಿನ ನಜೀರ ಹಿಡಿಕೆಯನ್ನು ಉಲ್ಟಾ ಹಿಡಿದುಬಿಟ್ಟ. ಮೇಲೆ ಹೋಗಬೇಕಾದ ವಿಮಾನ ಕೆಳಗೆ ಬಂದು ಕೆರೆಯಂಗಳದಲ್ಲಿ ಮೂಗು ನೆಟ್ಟಿತು.

ಇಲ್ಲಿಗೆ ಎಲ್ಲರೂ ನಗುತ್ತಾರೆ. ಆ ಹುಡುಗಿಯೂ ನಕ್ಕಳು. ನಕ್ಕು ಮುಗಿಸಿ, ನನ್ನ ಎಡಗೈ ಬೆರಳನ್ನು ಪೆಟ್ಟಿಗೆಯ ಮೇಲೆ ಇಡಿಸಿಕೊಳ್ಳುತ್ತಾ ಕೇಳಿದಳು:

"ವಿಮಾನ ನಿಮ್ ಕೈಲೇ ಇತ್ತಲ್ಲ ಅಂಕಲ್. ಬಿಡೋ ಮುಂಚೆ ನೀವು ನೋಡ್ಲಿಲ್ವಾ?"

ಹಸಿರು ದೀಪ ಹತ್ತಿತು. ಮೂವತ್ತೆಂಟು ವರ್ಷಗಳಲ್ಲಿ ಈ ಕಥೆಯನ್ನು ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಒಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮೊದಲು ಕೂಡ ಹೇಳಿದ್ದೇನೆ. ಒಬ್ಬರೂ ಇದನ್ನು ಕೇಳಿರಲಿಲ್ಲ. "ನೋಡಿದ್ದೆ ಕಣಮ್ಮಾ" ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಎದೆಯೊಳಗೆ ಸಣ್ಣಗೆ ಏನೋ ಕುಟ್ಟತೊಡಗಿತು.

ಅದಕ್ಕೆ ಸರಿಯಾಗಿ ಹೊಸ ಸಿಮ್ಮಿಗೆ ಬಂದ ಮೊದಲ ಫೋನೇ ನಜೀರನದು.

"ಲೇ ಮುನಿ, ಇದೀಯೇನೋ? ಬೆಳಿಗ್ಗೆಯಿಂದ ಸ್ವಿಚ್ಡ್ ಆಫ್ ಅಂತಿದಾಳೆ ಆ ಯಮ್ಮ."

"ಸಿಮ್ ಕೆಟ್ಟಿತ್ತು ಕಣೋ."

"ಸರಿ ಕೇಳು. ಮಿಂಚುಳ್ಳಿ ರೆಡಿ."

"ಯಾವ ಮಿಂಚುಳ್ಳಿ?"

"ಎಷ್ಟ್ ಮಿಂಚುಳ್ಳಿ ಇದ್ವಪ್ಪಾ ನಮ್ ಹತ್ರ? ಅದೇ ವಿಮಾನ, ಹೊಸದಾಗಿ ಕಟ್ಟಿದೀನಿ. ಅಳತೆ ಅದೇ, ಬಣ್ಣ ಅದೇ, ಎಂಜಿನ್ನೂ ಅದೇ ಹಳೇದು. ಭಾನುವಾರ ಹಾರಿಸ್ತೀನಿ. ನಾನು ಹ್ಯಾಂಡಲ್, ನೀನು ಹಿಡ್ಕೊಳ್ಳೋದು. ಬೇರೆ ಯಾರ್ನೂ ಕರೆದಿಲ್ಲ ಗುರು, ಹಿಡ್ಕೊಳ್ಳೋಕೆ ನೀನೇ ಬೇಕು."

ಬರ್ತೀನಿ ಎಂದೆ.

ನಜೀರನನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ಹೊಸಕೋಟೆಯಲ್ಲಿ ಅವನ ತಂದೆಯದು ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಸುತ್ತಲಿನ ನಲವತ್ತು ಹಳ್ಳಿಯ ಬಾವಿಗಳು ಆ ಅಂಗಡಿಯ ಮುಂದೆ ಒಂದಲ್ಲ ಒಂದು ದಿನ ಬಂದು ಕೂತಿವೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಜಡಿಗೇನಹಳ್ಳಿ ಕಡೆಯ ನಮ್ಮೂರಿನ ಮೋಟಾರು ಸುಟ್ಟಾಗ ಅಪ್ಪನ ಜೊತೆ ಹೋಗಿಯೇ ನನಗೆ ಅವನ ಸ್ನೇಹವಾದದ್ದು. ತಂದೆಯ ನಂತರ ಅಂಗಡಿಯನ್ನು ಅವನೇ ನಡೆಸಿದ. ಈಗ ಮಗಳು ನೋಡಿಕೊಳ್ಳುತ್ತಾಳೆ. ನಜೀರ ಒಳ್ಳೆಯ ಕೆಲಸಗಾರ. ಆದರೆ ಅವನದೊಂದು ಚಾಳಿ ಊರಿಗೆಲ್ಲ ಗೊತ್ತು: ಏನು ಮಾಡಿದರೂ ಮತ್ತೆ ನೋಡುತ್ತಾನೆ. ಬೀಗ ಹಾಕಿದರೆ ಮೂರು ಸಲ ಜಗ್ಗುತ್ತಾನೆ. ಸ್ಕೂಟರ್ ನಿಲ್ಲಿಸಿ ಹತ್ತು ಹೆಜ್ಜೆ ಬಂದವನು ವಾಪಸ್ಸು ಹೋಗಿ ಸ್ಟ್ಯಾಂಡ್ ಮುಟ್ಟಿ ಬರುತ್ತಾನೆ. ಅವನ ಹೆಂಡತಿ ಶಮೀಮ್ ಒಮ್ಮೆ ನನ್ನ ಹತ್ತಿರ ದೂರು ಕೊಟ್ಟಿದ್ದಳು: "ಮಲಗೋಕೆ ಮುಂಚೆ ಗ್ಯಾಸ್ ನಾಬ್ ನಾಲ್ಕು ಸಲ ತಿರುಗಿಸಿ ನೋಡ್ತಾರೆ ಭಾಯ್. ಗ್ಯಾಸು ಲೀಕ್ ಆಗಲ್ಲ, ನಾಬೇ ಕೈಗೆ ಬರುತ್ತೆ ಒಂದಿನ." ನಾವೆಲ್ಲ ನಕ್ಕಿದ್ದೆವು. ಕಾಲೇಜಿನ ಗೆಳೆಯರು ಇವತ್ತಿಗೂ ಅವನನ್ನು ಕರೆಯುವುದು 'ಉಲ್ಟಾ' ಎಂದು. ಆ ಹೆಸರಿಟ್ಟವನು ಯಾರು ಎಂದು ಯಾರಿಗೂ ನೆನಪಿಲ್ಲ. ನನಗೆ ಇದೆ.

ಎಂಜಿನ್ನಿನ ವಿಷಯಕ್ಕೆ ಬರುತ್ತೇನೆ. ಬರದೆ ಹೋದರೆ ಬೆರಳಿನ ವಿಷಯ ತಿಳಿಯುವುದಿಲ್ಲ, ಮೇಲಾಗಿ ಅದರ ಬಗ್ಗೆ ಮಾತಾಡುವಷ್ಟು ಹೊತ್ತು ಎದೆಯ ಕುಟ್ಟಾಣಿ ನಿಲ್ಲುತ್ತದೆ. ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯಲ್ಲಿ ನಜೀರನಿಗೆ ಸಿಕ್ಕಿದ್ದು ಅದು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಆದರೆ ಸದ್ದು ನೂರು ಜೀರುಂಡೆಗಳನ್ನು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದಂತೆ. ಅದಕ್ಕೆ ಕುಡಿಸಬೇಕಾದ್ದು ಸೀಮೆಎಣ್ಣೆ, ಮೂಸಿದರೆ ಮತ್ತು ಬರಿಸುವ ಈಥರ್, ಹರಳೆಣ್ಣೆ, ಮೂರೂ ಬೆರೆಸಿದ ಒಂದು ಪಾನಕ. ಸೀಮೆಎಣ್ಣೆ ಅಂಗಡಿಯಲ್ಲೇ ಇತ್ತು. ಈಥರನ್ನು ನಜೀರ ಎಲ್ಲಿಂದ ತರುತ್ತಾನೆಂದು ನಾನು ಕೇಳಬಾರದು ಎಂಬ ಒಪ್ಪಂದವಿತ್ತು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಆ ವರ್ಷ ಕಪ್ಪೆಗಳು ಮಾಮೂಲಿಗಿಂತ ಎಚ್ಚರವಾಗಿದ್ದವು ಎಂದಷ್ಟೇ ಹೇಳಬಲ್ಲೆ. ಹರಳೆಣ್ಣೆ ನನ್ನ ಪಾಲು.

ನಮ್ಮವ್ವ ಹರಳು ಹುರಿದು, ಕುಟ್ಟಿ, ಹಿತ್ತಿಲಲ್ಲಿ ದೊಡ್ಡ ಪಾತ್ರೆಯಿಟ್ಟು ಕುದಿಸಿ ಎಣ್ಣೆ ತೆಗೆಯುತ್ತಿದ್ದಳು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ಎತ್ತಿ ಗಡಿಗೆಗೆ ತುಂಬುವ ಆ ಕೆಲಸದಲ್ಲಿ ಯಾರೂ ಮಾತಾಡಿಸಬಾರದು. ನಾನು ವಾರಕ್ಕೊಂದು ಸೀಸೆ ಎತ್ತುತ್ತಿದ್ದೆ.

"ಏನ್ಲಾ ಮುನಿ, ಎಣ್ಣೆ ಗಡಿಗೆ ಇಳೀತಾನೇ ಐತೆ? ನಿನ್ ತಲೆ ನೋಡಿದ್ರೆ ಒಣಗಿದ್ ತೆಂಗಿನ್ ಮಟ್ಟೆ ಆಗೈತೆ!"

"ಫ್ರೆಂಡ್ ತಲೆಗೆ ಅವ್ವ. ಪಾಪ ಉಷ್ಣ ಅವನಿಗೆ."

"ಅಷ್ಟು ಉಷ್ಣ ಇದ್ರೆ ಡಾಕ್ಟ್ರತ್ರ ಕರ್ಕೊಂಡೋಗು."

ಎಂಜಿನ್ ಓಡುವಾಗ ಸುಡದೆ ಉಳಿದ ಹರಳೆಣ್ಣೆಯನ್ನು ಹಿಂದಕ್ಕೆ ಉಗುಳುತ್ತದೆ. ಹಿಂದೆ ಇರುವುದು ವಿಮಾನ ಹಿಡಿದವನ ಮುಖ. ಬಾಯಿ ಮುಚ್ಚಿಕೊಂಡಿರಬೇಕೆಂದು ಯಾರೂ ನನಗೆ ಹೇಳಿರಲಿಲ್ಲ. ಮೊದಲ ತಿಂಗಳು ಪ್ರತಿ ಸೋಮವಾರ ನಾನು ಕಾಲೇಜಿಗೆ ಹೋಗಲಾಗದೆ ಹಿತ್ತಿಲಿಗೂ ಮನೆಗೂ ಓಡಾಡಿದ್ದೇ ಓಡಾಡಿದ್ದು. ಕಾರಣ ಹೊಳೆದದ್ದು ಹರಳೆಣ್ಣೆಯ ಗುಣವನ್ನು ಅವ್ವ ಪಕ್ಕದ ಮನೆಯವರಿಗೆ ವಿವರಿಸುವುದನ್ನು ಕೇಳಿದ ಮೇಲೆ.

ಶುರು ಮಾಡುವ ಕ್ರಮವೂ ಹೇಳಬೇಕು. ಕೀಲಿ ಇಲ್ಲ, ಗುಂಡಿ ಇಲ್ಲ. ತೋರುಬೆರಳಿನಿಂದ ಪ್ರೊಪೆಲರನ್ನು ಜೋರಾಗಿ ಹೊಡೆದು ಬೆರಳನ್ನು ಕೂಡಲೇ ಹಿಂದಕ್ಕೆ ಎಳೆದುಕೊಳ್ಳಬೇಕು. ಇಪ್ಪತ್ತು ಸಲ ಹೊಡೆದರೂ ಮಿಸುಕದ ಎಂಜಿನ್ನು ಇಪ್ಪತ್ತೊಂದನೆಯದಕ್ಕೆ ಒದ್ದು ವಾಪಸ್ಸು ಬರುತ್ತದೆ. ಹಸುವಿನ ಹಾಲು ಕರೆಯುವವರಿಗೆ ಈ ಭಯ ಅರ್ಥವಾದೀತು.

ಮಿಂಚುಳ್ಳಿ ನಾವು ಕಟ್ಟಿದ ಮೂರನೆಯ ವಿಮಾನ. ನಾವು ಎಂದೆನೇ? ಕಟ್ಟಿದವನು ನಜೀರ. ನಾಲ್ಕು ತಿಂಗಳು, ಅಂಗಡಿ ಮುಚ್ಚಿದ ಮೇಲೆ, ಹತ್ತಿಯಷ್ಟು ಹಗುರವಾದ ಬಾಲ್ಸಾ ಮರದ ಪಟ್ಟಿಗಳನ್ನು ಬ್ಲೇಡಿನಲ್ಲಿ ಕೊಯ್ದು. ಮೈಗೆ ನೀಲಿ, ಹೊಟ್ಟೆಗೆ ಕಾವಿ ಬಣ್ಣ ಹಾಕಿ ಹೆಸರಿಟ್ಟವನು ನಾನು. ಮಿಂಚುಳ್ಳಿ ಎಂಬುದು ತಲೆಕೆಳಗಾಗಿ ಧುಮುಕುವ ಹಕ್ಕಿ ಎನ್ನುವುದು ಹೆಸರಿಡುವಾಗ ಹೊಳೆಯಲಿಲ್ಲ.

ಅದನ್ನು ಹಾರಿಸಿದ ದಿನ ಶುಕ್ರವಾರ. ಮಧ್ಯಾಹ್ನದ ನಮಾಜ್ ಮುಗಿಸಿ ನಜೀರನ ಅಬ್ಬಾ ಮೊದಲ ಸಲ ನಮ್ಮೂರ ಕೆರೆಯಂಗಳಕ್ಕೆ ಬಂದಿದ್ದರು, ಅಂಗಡಿಗೆ ಅರ್ಧ ದಿನ ಬೀಗ ಹಾಕಿ. ನಜೀರನ ಅಂಗಿಯ ಜೇಬಿನಲ್ಲಿ ಒಂದು ಅರ್ಜಿ ಇತ್ತು. ನಿಜವಾದ ವಿಮಾನಗಳ ರಿಪೇರಿ ಕಲಿಸುವ ಮೂರು ವರ್ಷದ ಕೋರ್ಸು. ತಂದೆಯ ಸಹಿ ಬೇಕು. ಅಬ್ಬಾ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. "ನೀನು ಮಾಡಿದ್ದು ಹಾರ್ಲಿ, ನೋಡ್ತೀನಿ" ಎಂದಿದ್ದರು. ಕರಿಜಾಲಿ ಮರದ ಕೆಳಗೆ ಛತ್ರಿ ಊರಿಕೊಂಡು ನಿಂತರು.

ಎಂಜಿನ್ನು ಹಟ ಹಿಡಿಯಿತು. ಅಬ್ಬಾ ಎರಡು ಸಲ ಗಡಿಯಾರ ನೋಡಿದರು. ನಾನು ಹೊಡೆದೇ ಹೊಡೆದೆ. ಕೊನೆಗೆ ಅದು ಒದೆಯಿತು, ಬೆರಳಿನ ತುದಿ ಹರಿಯಿತು, ಮರುಹೊಡೆತಕ್ಕೆ ಎಂಜಿನ್ ಶುರುವಾಯಿತು. ಒಂದು ಟ್ಯಾಂಕು ಎಣ್ಣೆ ಮೂರು ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ. ನಜೀರ ನಡುವಿಗೆ ಓಡಿ, ನೆಲದ ಮೇಲಿದ್ದ ಹಿಡಿಕೆ ಎತ್ತಿಕೊಂಡ.

ಈಗ ನಮ್ಮ ಪದ್ಧತಿ. ವಿಮಾನ ಬಿಡುವ ಮುನ್ನ ನಡುವೆ ನಿಂತವನು ಹಿಡಿಕೆಯನ್ನು ಮೇಲಕ್ಕೆ ಓರೆ ಮಾಡಬೇಕು. ತಂತಿ ಎಳೆದು ವಿಮಾನದ ಬಾಲದ ಪಟ್ಟಿ ಮೇಲೆದ್ದರೆ ವಿಮಾನ ಹಿಡಿದವನು 'ಮೇಲೆ' ಎಂದು ಕೂಗಬೇಕು. ಹಿಡಿಕೆ ಕೆಳಕ್ಕಾದರೆ ಪಟ್ಟಿಯೂ ಕೆಳಕ್ಕೆ. ಆಗ 'ಕೆಳಗೆ'. ಎರಡೂ ಹೊಂದಿದರೆ 'ಸರಿ' ಎಂದು ಕೈಯೆತ್ತಬೇಕು. ಅಷ್ಟು ದೂರದಿಂದ, ನಡುಗುವ ವಿಮಾನದ ಎರಡು ಬೆರಳಗಲದ ಪಟ್ಟಿ ನಡುವಿನವನಿಗೆ ಕಾಣುವುದಿಲ್ಲ. ಅವನ ಕಣ್ಣು ಈಚೆಯವನ ಬಾಯಲ್ಲಿರುತ್ತದೆ.

ನಾನು 'ಸರಿ' ಎಂದೆ. ಕೈಬಿಟ್ಟೆ. ಮಿಂಚುಳ್ಳಿ ಚಿಮ್ಮಿ ಆಳೆತ್ತರಕ್ಕೆ ಏರಿತು. ಇನ್ನೂ ಏರಲೆಂದು ನಜೀರ ಹಿಡಿಕೆಯನ್ನು ಮೇಲೆ ಮಾಡಿದ. ಮೂಗು ಕೆಳಗಾಯಿತು. ಗಾಬರಿಯಲ್ಲಿ ಇನ್ನಷ್ಟು ಮೇಲೆ ಮಾಡಿದ. ಅಷ್ಟೇ. ಕಾಲು ಸುತ್ತು ಕೂಡ ಮುಗಿಯಲಿಲ್ಲ.

ನಜೀರ ಹಿಡಿಕೆ ಎಸೆದು ಓಡಿಬಂದ. ಯಾರಾದರೂ ಏನಾದರೂ ಹೇಳುವ ಮುಂಚೆ ನಾನೇ ಕೂಗಿದೆ: "ಲೇ, ಹ್ಯಾಂಡಲ್ ಉಲ್ಟಾ ಹಿಡ್ದಿದ್ಯೇನೋ!" ಅವನು ತನ್ನ ಖಾಲಿ ಕೈ ನೋಡಿಕೊಂಡ. "ಹಿಡ್ದಿರ್ಬೇಕು ಕಣೋ" ಎಂದ. ಅಬ್ಬಾ ಹತ್ತಿರ ಬಂದು ಮುರಿದ ರೆಕ್ಕೆಯ ತುಂಡೊಂದನ್ನು ಎತ್ತಿ ನೋಡಿದರು. ಬೈಯಲಿಲ್ಲ. "ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ದೋನು ಜನ ಕೂರೋ ವಿಮಾನ ಮುಟ್ಟಬಾರ್ದು" ಎಂದರು. ಆಮೇಲೆ ಮಗನ ಹೆಗಲ ಮೇಲೆ ಕೈಯಿಟ್ಟು, "ಚಲ್ ಬೇಟಾ, ದುಕಾನ್ ಕು ಚಲ್" ಎಂದು ಅಂಗಡಿಯ ಕಡೆಗೆ ಕರೆದುಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನನಗೆ ಹೇಳಿದರು: "ಮುನಿರಾಜು, ಬೆರಳಿಗೆ ಪಟ್ಟಿ ಕಟ್ಟಿಸ್ಕೊಳಪ್ಪಾ."

ಅರ್ಜಿ ಜೇಬಿನಲ್ಲೇ ಉಳಿಯಿತು. ಇಷ್ಟು ವರ್ಷ ನಜೀರ ಮತ್ತೆ ವಿಮಾನ ಮುಟ್ಟಿರಲಿಲ್ಲ. ಮಾರನೆಯ ದಿನ ಕಾಲೇಜಿನಲ್ಲಿ ಯಾರೋ ಏನಾಯಿತೆಂದು ಕೇಳಿದಾಗ ನಾನು 'ಉಲ್ಟಾ' ಎಂಬ ಮಾತಿನಿಂದ ಶುರು ಮಾಡಿದೆ.

ಇಷ್ಟನ್ನೂ ನೆನಪಿನಿಂದ ಬರೆದಿದ್ದೇನೆ, ಆದ್ದರಿಂದ ಇಷ್ಟನ್ನೂ ಪೂರ್ತಿ ನಂಬಬೇಡಿ. ಜಾಲಿ ಮರ ಅಲ್ಲಿತ್ತೇ? ಛತ್ರಿ ಇತ್ತೇ? ಹೇಳಿ ಹೇಳಿ ನುಣುಪಾದ ಕಥೆಯಲ್ಲಿ ಎಲ್ಲವೂ ತಂತಮ್ಮ ಜಾಗದಲ್ಲಿ ಕೂತಿರುತ್ತವೆ, ಅದೇ ಅನುಮಾನಕ್ಕೆ ಕಾರಣ. ಬುಧವಾರ ಆ ಹುಡುಗಿ ಕೇಳಿದ ಮೇಲೆ ನನಗೆ ಹೊಳೆದದ್ದು ಇನ್ನೂ ಒಂದು. ವಿಮಾನ ಉಲ್ಟಾ ಆಡಲು ಹಿಡಿಕೆಯೊಂದೇ ಕಾರಣವಾಗಬೇಕಿಲ್ಲ. ತಂತಿಗಳ ಕೊಂಡಿಗಳನ್ನು ವಿಮಾನದ ರೆಕ್ಕೆಗೆ ಸಿಕ್ಕಿಸುವಾಗ ಒಂದಕ್ಕೊಂದು ಅದಲುಬದಲಾದರೂ ಅದೇ ಆಗುತ್ತದೆ. ಕೊಂಡಿ ಸಿಕ್ಕಿಸುವುದು ನನ್ನ ಕೆಲಸ.

ಹಾಗಾದರೆ ನಾನೇ?

ಗುರುವಾರ ಕಾಲೇಜಿಗೆ ರಜೆ ಹಾಕಿ ಅಟ್ಟ ಹತ್ತಿದೆ. ಅಂದು ಮುರಿದ ವಿಮಾನದಿಂದ ತಂತಿ, ಹಿಡಿಕೆ, ತಂತಿಯ ಎಳೆತವನ್ನು ಬಾಲಕ್ಕೆ ದಾಟಿಸುವ ರೆಕ್ಕೆಯೊಳಗಿನ ತಗಡು ಎಲ್ಲವನ್ನೂ ಹಾಗೆಹಾಗೆಯೇ ಸುತ್ತಿ, ಮುಂದೆ ಬೇಕಾದೀತೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟವನು ನಾನೇ. ಕೊಂಡಿಗಳನ್ನು ಬಿಚ್ಚಿರಲಿಲ್ಲ. ಎಂದರೆ ಆ ಶುಕ್ರವಾರ ಹೇಗಿದ್ದವೋ ಹಾಗೇ ಇರಬೇಕು. ಹಿಡಿಕೆಯ ಮೇಲ್ತುದಿಯ ತಂತಿಗೆ, ಎರಡು ಕೊನೆಗೂ ಕೆಂಪು ದಾರ. ಆ ತಗಡಿನಿಂದ ರೆಕ್ಕೆಯ ತುದಿಗೆ ಬಂದ ಎರಡು ಗಿಡ್ಡ ತಂತಿಗಳಲ್ಲಿ, ಅದಕ್ಕೆ ಜೋಡಿಯಾಗಬೇಕಾದ ಒಂದಕ್ಕೆ ನಜೀರನ ಅಕ್ಕನ ಕೆಂಪು ನೇಲ್ ಪಾಲಿಶ್. ಕೆಂಪಿಗೆ ಕೆಂಪು ಸೇರಿದ್ದರೆ ನಾನು ಸರಿ. ಸೇರದಿದ್ದರೆ...

ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಎರಡು ಗಂಟೆ ಅದರ ಮುಂದೆ ಓಡಾಡಿದೆ. ಟೀ ಮಾಡಿಕೊಂಡೆ, ಕುಡಿಯಲಿಲ್ಲ. ಮನೆಯ ಮೇಲೆ ದೇವನಹಳ್ಳಿಗೆ ಇಳಿಯುವ ವಿಮಾನಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ಇಷ್ಟು ವರ್ಷ ಕೇಳಿಸದ ಸದ್ದು ಅವತ್ತು ಒಂದೊಂದೂ ಕೇಳಿಸಿತು. ಅವುಗಳ ಬಾಲವನ್ನೂ ಯಾರೋ ನೋಡಿ ಸರಿ ಎಂದಿರುತ್ತಾರಲ್ಲ ಎಂದುಕೊಂಡೆ.

ನನ್ನ ಹೆಂಡತಿ ಸರೋಜ ಬಂದು ಡಬ್ಬಿಯನ್ನೂ ನನ್ನನ್ನೂ ನೋಡಿದಳು. "ಹಾವಿದೆಯೇನ್ರೀ ಒಳಗೆ?" ಎಂದು ಮುಚ್ಚಳ ತೆಗೆದುಬಿಟ್ಟಳು.

ಕಮಟು ಹರಳೆಣ್ಣೆಯ ವಾಸನೆ ಎದ್ದಿತು. ಎಣ್ಣೆ ಗಟ್ಟಿಯಾಗಿ ಎಲ್ಲವೂ ಕಪ್ಪಾಗಿತ್ತು. ಕೆಂಪೂ ಒಂದೇ, ಬಣ್ಣವಿಲ್ಲದ್ದೂ ಒಂದೇ. ಹತ್ತಿಗೆ ಸ್ಪಿರಿಟ್ ಹಾಕಿ ಒಂದು ಕೊಂಡಿ ಒರೆಸಿದೆ. ದಾರ ಮೊದಲು ಕಂದಾಗಿ, ಆಮೇಲೆ ಕೆಂಪಾಗಿ ಕಾಣಿಸಿತು. ಅದು ಸೇರಿದ ತಂತಿಯನ್ನು ಮೆಲ್ಲಗೆ ಒರೆಸಿದೆ. ಚೂರೇ ಚೂರು ಉಳಿದಿದ್ದ ನೇಲ್ ಪಾಲಿಶ್. ಕೆಂಪು.

ಕೆಂಪಿಗೆ ಕೆಂಪು! ನನ್ನ ಕೊಂಡಿ ಸರಿಯಾಗಿತ್ತು! ಸರೋಜಳ ಎರಡೂ ಭುಜ ಹಿಡಿದು ಅಲ್ಲಾಡಿಸಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಮಧ್ಯಾಹ್ನ ಎರಡು ಮುದ್ದೆ ಉಂಡೆ. ಅಯ್ಯೋ ಪಾಪ ನಜೀರ, ಅವನೇ ಉಲ್ಟಾ ಹಿಡಿದದ್ದು ಎಂದು ಸಂತೋಷವಾಗಿ ಮರುಕಪಟ್ಟೆ. ಹಾಗೆ ಸಂತೋಷಪಟ್ಟವನನ್ನು ಈಗ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಅವನು ನಾನೇ.

ಶುಕ್ರವಾರ ಆ ಸಂತೋಷವನ್ನು ಇನ್ನೂ ಭದ್ರ ಮಾಡಿಕೊಳ್ಳಲು ಹಳೆಯ ದಿನಚರಿ ತೆಗೆದೆ. ಪಿಯುಸಿಯಿಂದ ಇವತ್ತಿನವರೆಗೆ ದಿನಚರಿ ಬರೆದಿದ್ದೇನೆ. ನೆನಪನ್ನು ನಂಬದವನಿಗೆ ಅದೊಂದು ಸಾಕ್ಷಿ. ಆ ದಿನದ ಪುಟ ಸಿಕ್ಕಿತು. ಕಪ್ಪು ಮಸಿ, ಬೆರಳಿಗೆ ಪಟ್ಟಿ ಕಟ್ಟಿದ್ದರಿಂದ ಸೊಟ್ಟ ಅಕ್ಷರ. ಛತ್ರಿ ಇದೆ. ಜಾಲಿ ಮರ ಇಲ್ಲ. ನಡುವೆ ಒಂದು ಸಾಲು: "ನಾನು ಸರಿ ಎಂದು ಕೈಬಿಟ್ಟೆ." ಆ ಸಾಲಿನಲ್ಲಿ 'ನಾನು' ಎಂಬುದರ ಮುಂದೆ ಒಂದು ಸಣ್ಣ ಕಮಾನು ಹಾಕಿ, ಮೇಲೆ, ನೀಲಿ ಮಸಿಯಲ್ಲಿ, ಗುಂಡಗಿನ ಆರೋಗ್ಯವಂತ ಅಕ್ಷರದಲ್ಲಿ, ಒಂದು ಪದ ಸೇರಿಸಿದ್ದೇನೆ: "ನೋಡಿ".

ಯಾವಾಗ ಸೇರಿಸಿದೆ? ಬೆರಳು ವಾಸಿಯಾದ ಮೇಲೆ. ಯಾರು ಓದಲೆಂದು ಸೇರಿಸಿದೆ? ನನ್ನ ದಿನಚರಿ ಓದುವವನು ನಾನೊಬ್ಬನೇ.

ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ. ಕೊಂಡಿ ಸರಿಯಿತ್ತು, ಆದ್ದರಿಂದ ಹಿಡಿಕೆ ಉಲ್ಟಾ ಇತ್ತು. ಹಿಡಿಕೆ ಉಲ್ಟಾ ಇದ್ದರೆ, ನಜೀರ ಅದನ್ನು ಮೇಲೆ ಮಾಡಿದಾಗ ಬಾಲದ ಪಟ್ಟಿ ಕೆಳಗಾಗಿರಲೇಬೇಕು, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ. ಅದನ್ನು ನೋಡಲೆಂದೇ ನಾನು ಅಲ್ಲಿದ್ದೆ. ಹಿಡಿಕೆ ಉಲ್ಟಾ ಹಿಡಿಯುವುದು ಯಾರಿಗಾದರೂ ಆಗುವ ತಪ್ಪು. ಅದು ಆಗುತ್ತದೆಂದೇ ನಮ್ಮ ಪದ್ಧತಿ ಇದ್ದದ್ದು. ನಾನು ನೋಡಲಿಲ್ಲ. ಬೆರಳು ನೋಡಿಕೊಳ್ಳುತ್ತಿದ್ದೆ. ಇದು ನೆನಪೋ, ಭಯ ಬರೆದ ಚಿತ್ರವೋ ಎಂದು ಎಷ್ಟು ಅನುಮಾನಿಸಿದರೂ, ತಂತಿಗಳು ಅನುಮಾನಕ್ಕೆ ಜಾಗ ಬಿಡುವುದಿಲ್ಲ.

ಶನಿವಾರ ಸರೋಜಳಿಗೆ ಹೇಳಿದೆ.

"ನಾಳೆ ಜ್ವರ ಅಂತ ಫೋನ್ ಮಾಡಿಬಿಡ್ಲಾ?"

"ಮಾಡಿ. ಮುಂದಿನ್ ಭಾನುವಾರಕ್ಕೆ ಏನ್ ಬರಿಸ್ಕೋತೀರಾ?"

"ಇಷ್ಟ್ ವರ್ಷ ಆದ್ಮೇಲೆ ಹೇಳಿ ಏನ್ ಪ್ರಯೋಜನ ಹೇಳು."

"ಪ್ರಯೋಜನ ನನಗ್ಗೊತ್ತಿಲ್ಲಾರೀ. ಮೂರು ದಿನದಿಂದ ಗೇಟ್ ಹತ್ರ ಹೋಗಿ ಬಂದು ಮಾಡ್ತಿದೀರ, ಎದುರುಮನೆಯವರು ಯಾರಿಗ್ ಕಾಯ್ತಿದಾರೆ ಅಂತ ಕೇಳಿದ್ರು."

ಭಾನುವಾರ ಬೆಳಿಗ್ಗೆ ಹೋದೆ. ನಮ್ಮೂರ ಕೆರೆಯಲ್ಲಿ ಈಗ ನೀರಿದೆ, ಅಂಗಳವಿಲ್ಲ. ನಜೀರ ಗೊತ್ತು ಮಾಡಿದ್ದು ಅಲ್ಲೇ ಪಕ್ಕದ ಒಂದು ಲೇಔಟು. ಕಮಾನಿದೆ, ರಸ್ತೆಯಿದೆ, ಸೈಟಿನ ಕಲ್ಲುಗಳಿವೆ, ಒಂದೂ ಮನೆಯಿಲ್ಲ. ಪಾರ್ಕಿಗೆಂದು ಬಿಟ್ಟ ಜಾಗ ಚೆನ್ನಾಗಿ ಮಟ್ಟವಾಗಿತ್ತು. ಲೇಔಟಿನವರನ್ನು ಕೇಳಿದ್ದ, ಪೊಲೀಸ್ ಠಾಣೆಯಲ್ಲೂ ಕೇಳಿದ್ದ, ಎರಡೆರಡು ಸಲ. ಸ್ಕೂಟರಿನ ಹಿಂದೆ ಶಮೀಮ್ ಹಳೆಯ ದುಪಟ್ಟಾದಲ್ಲಿ ಸುತ್ತಿದ ವಿಮಾನವನ್ನು ಕೂಸಿನಂತೆ ತಬ್ಬಿಕೊಂಡು ಕೂತಿದ್ದಳು. ನಜೀರ ಗಾಡಿ ನಿಲ್ಲಿಸಿ, ಹತ್ತು ಹೆಜ್ಜೆ ಬಂದು, ವಾಪಸ್ಸು ಹೋಗಿ ಸ್ಟ್ಯಾಂಡ್ ಮುಟ್ಟಿ ಬಂದ.

ದುಪಟ್ಟಾ ಬಿಚ್ಚಿದ. ಅದೇ ನೀಲಿ, ಅದೇ ಕಾವಿ. ಅವನು ಜೇಬಿನಿಂದ ಎರಡು ಇಂಚಿನ ರಬ್ಬರ್ ಪೈಪಿನ ತುಂಡು ತೆಗೆದು ಕೊಟ್ಟ.

"ಏನೋ ಇದು?"

"ಬೆರಳಿಗೆ ಹಾಕ್ಕೋ. ನಿನ್ ಅಳತೆಗೇ ಕೊಯ್ದಿದೀನಿ. ಈ ಸಲ ಕಚ್ಚಿದ್ರೆ ಪೈಪನ್ನ ಕಚ್ಲಿ."

ಅದನ್ನು ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ.

"ನಜೀರ, ಅವತ್ತು ನಾನು ನೋಡ್ಲಿಲ್ಲ ಕಣೋ."

"ಏನ್ ನೋಡ್ಲಿಲ್ಲ?"

"ಬಾಲ. ನೀನು ಹ್ಯಾಂಡಲ್ ಆಡ್ಸಿದಾಗ ನಾನು ಬೆರಳು ನೋಡ್ಕೋತಿದ್ದೆ. ನೋಡ್ದೇನೇ ಸರಿ ಅಂದೆ. ನೋಡಿದ್ರೆ ಉಲ್ಟಾ ಅಂತ ಗೊತ್ತಾಗ್ತಿತ್ತು. ಬಿಡ್ತಾನೇ ಇರ್ಲಿಲ್ಲ."

ಅವನು ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ಒಂದ್ ಸಲಾನೂ ನೋಡ್ಲಿಲ್ವಾ?"

"ಇಲ್ಲ."

ಶಮೀಮ್ ನನ್ನನ್ನೂ ಅವನನ್ನೂ ನೋಡಿ, ವಾತಾವರಣ ತಿಳಿಮಾಡಲೆಂದೋ ಏನೋ, "ಹಂಗಾದ್ರೆ ನಮ್ಮನೆ ಗ್ಯಾಸ್ ನಾಬ್ ಸವೆದಿದ್ದು ನಿಮ್ಮಿಂದಾನಾ ಭಾಯ್?" ಎಂದಳು.

ಅವನು ನಗಲಿಲ್ಲ. ನಾನೂ ನಗಲಿಲ್ಲ.

"ಅಬ್ಬಾಗೆ ಹೇಳ್ಬೇಕಿತ್ತು ಕಣೋ ನೀನು" ಎಂದ. ಅವರು ತೀರಿಕೊಂಡು ಹದಿನಾರು ವರ್ಷ. ನಜೀರ ತಂತಿಗಳನ್ನು ಬಿಡಿಸಿ ಹಾಸಿದ, ಕೊಂಡಿಗಳನ್ನು ತಾನೇ ಸಿಕ್ಕಿಸಿದ, ಟ್ಯಾಂಕಿಗೆ ಎಣ್ಣೆ ಹಾಕಿದ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ: "ಪೈಪ್ ಹಾಕ್ಕೊಂಡು ಹೊಡಿ."

ಒಂಬತ್ತನೆಯ ಹೊಡೆತಕ್ಕೆ ಎಂಜಿನ್ ಶುರುವಾಯಿತು. ಅವನು ಓಡಲಿಲ್ಲ. ನಡೆದುಕೊಂಡು ಹೋದ. ಹಿಡಿಕೆ ಎತ್ತಿ, ತಿರುಗಿಸಿ ನೋಡಿ, ಮತ್ತೆ ನೋಡಿ ಹಿಡಿದ. ನಾನು ಮಂಡಿಯೂರಿ ವಿಮಾನ ಹಿಡಿದಿದ್ದೆ. ಹರಳೆಣ್ಣೆಯ ಹನಿಗಳು ಕನ್ನಡಕಕ್ಕೆ ಬಡಿಯುತ್ತಿದ್ದವು. ಬಾಲದ ಪಟ್ಟಿ ಎದ್ದಿತು.

"ಮೇಲೆ!"

ಪಟ್ಟಿ ಇಳಿಯಿತು.

"ಕೆಳಗೆ! ಸರೀ!" ಎಂದು ಕೈಯೆತ್ತಿದೆ.

"ನೋಡ್ದ್ಯಾ?" ಅವನು ನಡುವಿನಿಂದ ಕೂಗಿದ.

"ನೋಡ್ದೆ!"

"ಇನ್ನೊಂದ್ ಸಲ ನೋಡು!"

ಪಟ್ಟಿ ಎದ್ದಿತು. "ಮೇಲೆ!" ಇಳಿಯಿತು. "ಕೆಳಗೆ!" ಬಿಡು ಎನ್ನುತ್ತಾನೆಂದು ಕಾದೆ. ಎನ್ನಲಿಲ್ಲ. ಪಟ್ಟಿ ಮತ್ತೆ ಎದ್ದಿತು. ಹಾಗೆ ಎಷ್ಟು ಸಲವೋ. ಮೊದಲು ಕೈ ನೋಯಿತು, ಆಮೇಲೆ ಗಂಟಲು. ಎಣ್ಣೆ ಮುಗಿಯುತ್ತದಲ್ಲ ಎಂದು ಒಮ್ಮೆ ತಲೆಯೆತ್ತಿದೆ. "ಬಾಲ ನೋಡೋ!" ಎಂದು ಗದರಿದ. ನೋಡಿದೆ. ಮೇಲೆ. ಕೆಳಗೆ. ಮೇಲೆ. ಕೆಳಗೆ. ಅವನ ದನಿಯಲ್ಲಿ ಮೊದಲಿದ್ದ ಗದರು ಯಾವಾಗ ಹೋಯಿತೋ ನನಗೆ ತಿಳಿಯಲಿಲ್ಲ.

ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಟ್ಯಾಂಕು ಖಾಲಿ. ವಿಮಾನ ನನ್ನ ಕೈಬಿಟ್ಟು ಒಂದು ಗೇಣೂ ಕದಲಿರಲಿಲ್ಲ. ಖಾಲಿ ಲೇಔಟು ಗಕ್ಕನೆ ಸುಮ್ಮನಾಯಿತು. ನಾನು ಹಾಗೇ ಮಂಡಿಯೂರಿ ಕೂತಿದ್ದೆ.

"ಹೂಂ" ಎಂದ ನಜೀರ. ಹಿಡಿಕೆ ಅವನ ಕೈಯಲ್ಲೇ ಇತ್ತು. "ಈಗ ಇನ್ನೊಂದ್ ಟ್ಯಾಂಕ್ ಹಾಕು. ಹಾರಿಸೋಣ."

ಶಮೀಮ್ ಎಣ್ಣೆಯ ಡಬ್ಬಿ ಹಿಡಿದು ನನ್ನ ಹಿಂದೆ ಬಂದು ನಿಂತದ್ದು ಹೆಜ್ಜೆಯ ಸದ್ದಿನಲ್ಲಿ ಗೊತ್ತಾಯಿತು. "ಇಲ್ಲಿ ಕೊಡಿ ಭಾಬಿ" ಎಂದು, ಬಾಲದಿಂದ ಕಣ್ಣು ತೆಗೆಯದೆ, ಕೈ ಹಿಂದಕ್ಕೆ ಚಾಚಿದೆ.